ಆಗಾಖಾನ್ ಅರಮನೆ: ಪುಣೆಗೆ ಹೋದಾಗ ಹಿತ್ತಲವರೆಗೂ ನಡೆಯಿರಿ

ಪುಣೆಗೆ ಹೊರಟ ನಮ್ಮವರ ಪಟ್ಟಿಯಲ್ಲಿ ದಗಡೂಶೇಟ್ ಗಣಪತಿ, ಶನಿವಾರವಾಡೆ, ಸಿಂಹಗಡ ಇದ್ದೇ ಇರುತ್ತವೆ. ರೈಲಿಗೆ ಇನ್ನೂ ಎರಡು ತಾಸು ಇದೆ ಎಂದಾಗ ಆಗಾಖಾನ್ ಅರಮನೆ ನೆನಪಾಗುತ್ತದೆ. ಗಡಿಬಿಡಿಯಲ್ಲಿ ಹೋಗಿ, ಹುಲ್ಲುಹಾಸಿನ ಮೇಲೆ ನಿಂತು ಬಿಳಿ ಕಮಾನುಗಳ ಮುಂದೆ ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ನನ್ನ ಮಾತು ಕೇಳುವುದಾದರೆ ಪುಣೆಯ ಮೊದಲ ಬೆಳಗನ್ನು ಈ ಜಾಗಕ್ಕೇ ಕೊಡಿ. ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ ಐದೂವರೆಗೆ ಮುಚ್ಚುತ್ತದೆ. ತೆರೆಯುವ ಹೊತ್ತಿಗೆ ಅಲ್ಲಿದ್ದರೆ ಶಾಲಾ ಪ್ರವಾಸದ ಬಸ್ಸುಗಳು ಬರುವ ಮುನ್ನ ಕೋಣೆಗಳನ್ನು ಸಮಾಧಾನದಿಂದ ನೋಡಬಹುದು. ಎರಡು ತಾಸು ಬೇಕೇ ಬೇಕು.

ಕಟ್ಟಡವನ್ನು 1892ರಲ್ಲಿ ಕಟ್ಟಿಸಿದವರು ಇಸ್ಮಾಯಿಲಿ ಪಂಥದ 48ನೇ ಇಮಾಮ್, ಮೂರನೆಯ ಆಗಾಖಾನ್ ಸುಲ್ತಾನ್ ಮುಹಮ್ಮದ್ ಶಾ. ಬರದಿಂದ ಕಂಗೆಟ್ಟಿದ್ದ ಸುತ್ತಲಿನ ಹಳ್ಳಿಗಳ ಜನರಿಗೆ ಕೂಲಿ ಸಿಗಲಿ ಎಂದು ಈ ಕೆಲಸ ಎತ್ತಿಕೊಂಡರು, ಸುಮಾರು ಒಂದು ಸಾವಿರ ಜನ ಐದು ವರ್ಷ ದುಡಿದರು, ಹನ್ನೆರಡು ಲಕ್ಷ ರೂಪಾಯಿ ಖರ್ಚಾಯಿತು ಎಂದು ಹೇಳುತ್ತಾರೆ. ಹತ್ತೊಂಬತ್ತು ಎಕರೆಯ ಆವರಣದಲ್ಲಿ ಕಟ್ಟಡ ಕಡಿಮೆ, ತೋಟವೇ ಹೆಚ್ಚು.

ಸ್ಪೇನಿನ ಗ್ರನಾಡಾದ ಅಲ್‌ಹಂಬ್ರಾ ಅರಮನೆಯ ಚಿತ್ರ ನೋಡಿ ಮೂರಿಶ್ ಶೈಲಿಯ ಕಮಾನು, ಅಂಗಳ, ಕಾರಂಜಿಗಳಿಗೆ ಮನಸೋತವರಿಗೆ ಇಲ್ಲಿ ಅದರ ದೂರದ ನೆಂಟಸ್ತಿಕೆಯೊಂದು ಕಾಣುತ್ತದೆ. ಸಾಲುಗಮಾನುಗಳ ಹಿಂದೆ ನೆರಳಿನ ಮೊಗಸಾಲೆ, ಮುಂದೆ ತೋಟ. ಆದರೆ ಅಲ್ಲಿನ ಹಾಗೆ ಗೋಡೆ ತುಂಬ ಕುಸುರಿ ಕೆತ್ತನೆ ಇಲ್ಲಿಲ್ಲ. ಇಸ್ಲಾಮಿಕ್ ವಾಸ್ತುವಿನ ಛಾಯೆಯ ಜೊತೆಗೆ ಇಟಲಿಯ ಮಾದರಿಯ ಕಮಾನುಗಳು, ಯುರೋಪಿನ ಬಂಗಲೆಯ ಗಾಳಿ ಬೆಳಕು ಬೆರೆತಿವೆ. ಕಟ್ಟಡವನ್ನು ಸುತ್ತುವರಿದ ಎರಡೂವರೆ ಮೀಟರ್ ಅಗಲದ ಮೊಗಸಾಲೆಯಲ್ಲಿ ಒಂದು ಸುತ್ತು ನಡೆದು ಬನ್ನಿ, ಪುಣೆಯ ಏಪ್ರಿಲ್ ಬಿಸಿಲಿಗೆ ಇದೆಂಥ ಉತ್ತರ ಎಂದು ಗೊತ್ತಾಗುತ್ತದೆ. ಮೈಸೂರು ಅರಮನೆಯ ಬಣ್ಣದ ಗಾಜು, ಚಿನ್ನದ ಲೇಪ, ದರ್ಬಾರ್ ಹಾಲ್ ಮನಸ್ಸಿನಲ್ಲಿಟ್ಟುಕೊಂಡು ಬಂದವರು ಕಾಲು ತಾಸಿನಲ್ಲೇ ‘ಇಷ್ಟೇನಾ’ ಎನ್ನುತ್ತಾರೆ. ಅರಮನೆಯ ವೈಭವವೇ ಬೇಕಾದರೆ ಶುಕ್ರವಾರ ಪೇಟೆಯ ಬಳಿಯ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಮಸ್ತಾನಿ ಮಹಲ್ ನೋಡಿ. ಇಲ್ಲಿಗೆ ಬರಬೇಕಾದದ್ದು ಸೆರೆಮನೆಯೊಂದನ್ನು ನೋಡಲು.

1942ರ ಆಗಸ್ಟ್ 8ರ ರಾತ್ರಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಪಾಸಾಯಿತು. ಮರುದಿನ ಬೆಳಕು ಹರಿಯುವ ಮುನ್ನವೇ ಗಾಂಧೀಜಿಯನ್ನು ಬಂಧಿಸಿದರು. ರೈಲಿನಲ್ಲಿ ಚಿಂಚವಾಡದವರೆಗೆ ತಂದು, ಅಲ್ಲಿಂದ ಕಾರಿನಲ್ಲಿ ಈ ಅರಮನೆಗೆ ಕರೆತಂದರು. ಜೊತೆಗೆ ಕಾರ್ಯದರ್ಶಿ ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು, ಶಿಷ್ಯೆ ಮೀರಾಬೆನ್. ಆ ಸಂಜೆ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಗಾಂಧೀಜಿಯ ಬದಲು ತಾನು ಮಾತಾಡುತ್ತೇನೆ ಎಂದು ಹೊರಟ ಕಸ್ತೂರಬಾರನ್ನೂ ಬಂಧಿಸಿ, ಎರಡು ದಿನಗಳ ಮೇಲೆ ವೈದ್ಯೆ ಸುಶೀಲಾ ನಯ್ಯರ್ ಜೊತೆ ಇಲ್ಲಿಗೇ ತಂದರು. ಗಾಂಧೀಜಿಯ ಇನ್ನೊಬ್ಬ ಕಾರ್ಯದರ್ಶಿ ಪ್ಯಾರೇಲಾಲ್ ಆಮೇಲೆ ಬಂದರು. ಸುತ್ತಲೂ ಮುಳ್ಳುತಂತಿ, ಪಹರೆ. ಇಷ್ಟು ದೊಡ್ಡ ಬಂಗಲೆಗೆ, ಕಾವಲಿಗೆ ಸಾರ್ವಜನಿಕರ ಹಣ ಪೋಲು ಮಾಡಬೇಡಿ, ನನ್ನನ್ನು ಯಾವುದಾದರೂ ಸಾಮಾನ್ಯ ಜೈಲಿಗೆ ಹಾಕಿ ಎಂದು ಗಾಂಧೀಜಿ ಸರ್ಕಾರಕ್ಕೆ ಬರೆದರು. ಸರ್ಕಾರ ಒಪ್ಪಲಿಲ್ಲ. 1944ರ ಮೇ 6ರಂದು ಬಿಡುಗಡೆಯಾಗುವವರೆಗೆ, ಸುಮಾರು ಇಪ್ಪತ್ತೊಂದು ತಿಂಗಳು, ಅವರು ಇಲ್ಲೇ ಇದ್ದರು.

ಈ ದಿನಾಂಕಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಒಳಗೆ ಕನ್ನಡದ ಫಲಕ ನಿರೀಕ್ಷಿಸಬೇಡಿ. ಸಾಧ್ಯವಾದರೆ ಸುಶೀಲಾ ನಯ್ಯರ್ ಬರೆದ ಸೆರೆವಾಸದ ನೆನಪುಗಳನ್ನು ಓದಿಕೊಂಡು ಹೋಗಿ, ಖಾಲಿ ಕೋಣೆಗಳೂ ಆಗ ಖಾಲಿಯಾಗಿ ಕಾಣುವುದಿಲ್ಲ.

ಮುಖ್ಯವಾಗಿ ನೋಡಲು ಸಿಗುವುದು ನೆಲ ಅಂತಸ್ತಿನ ಕೋಣೆಗಳು. ದೊಡ್ಡ ವರ್ಣಚಿತ್ರಗಳು, ಫೋಟೋಗಳು ಕಥೆಯನ್ನು ಸರಣಿಯಾಗಿ ಹೇಳುತ್ತವೆ. ಅವಸರವಿದ್ದರೆ ಇವನ್ನು ಬೇಗ ಮುಗಿಸಿ, ಬೇರೆ ಗಾಂಧಿ ಸಂಗ್ರಹಾಲಯಗಳಲ್ಲೂ ಇಂಥವನ್ನು ನೋಡಬಹುದು. ಗಾಂಧೀಜಿ ಇದ್ದ ಕೋಣೆಯ ಮುಂದೆ ಮಾತ್ರ ನಿಧಾನಿಸಿ. ನೆಲದ ಹಾಸಿಗೆ, ಗಿಡ್ಡ ಮೇಜು, ಚರಕ, ಬಳಸಿದ ಪಾತ್ರೆ, ಚಪ್ಪಲಿ. ಇವು ಎಷ್ಟು ಕಡಿಮೆ, ಮೇಲಿನ ಚಾವಣಿ ಎಷ್ಟು ಎತ್ತರ ಎಂಬುದನ್ನು ಮಕ್ಕಳಿಗೆ ತೋರಿಸಿ.

ಇದೇ ಕಟ್ಟಡದಲ್ಲಿ 1943ರ ಫೆಬ್ರುವರಿ 10ರಂದು ಗಾಂಧೀಜಿ ಉಪವಾಸ ಶುರುಮಾಡಿದರು. ದೇಶದಲ್ಲಿ ನಡೆದ ಹಿಂಸೆಗೆ ನೀವೇ ಹೊಣೆ ಎಂದು ವೈಸ್‌ರಾಯ್ ಲಿನ್‌ಲಿತ್‌ಗೋ ಆರೋಪಿಸಿದ್ದಕ್ಕೆ ಅದು ಉತ್ತರ. ಎಪ್ಪತ್ತಮೂರರ ವಯಸ್ಸು, ಇಪ್ಪತ್ತೊಂದು ದಿನ. ನಡುವೆ ಅವರು ಬದುಕುತ್ತಾರೆಂಬ ಆಸೆಯನ್ನೇ ವೈದ್ಯರು ಬಿಟ್ಟಿದ್ದರು. ವೈಸ್‌ರಾಯ್ ಕೌನ್ಸಿಲ್ಲಿನಿಂದ ಹೋಮಿ ಮೋದಿ, ನಳಿನಿ ರಂಜನ್ ಸರ್ಕಾರ್, ಎಂ.ಎಸ್. ಅಣೆ ರಾಜೀನಾಮೆ ಕೊಟ್ಟು ಹೊರನಡೆದರು. ಬ್ರಿಟಿಷರು ಮಣಿಯಲಿಲ್ಲ. ಮಾರ್ಚ್ 3ರಂದು ಉಪವಾಸ ಮುಗಿಯಿತು.

ಕನ್ನಡಿಗರು ಇಲ್ಲಿ ನಮ್ಮ ಕಡೆಯ ಎರಡು ಸಂಗತಿಗಳನ್ನು ಜೊತೆಗಿಟ್ಟುಕೊಂಡು ನಡೆಯಬೇಕು. ಗಾಂಧೀಜಿ ಈ ಗೋಡೆಗಳ ಒಳಗಿದ್ದಾಗಲೇ, 1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸೀಮೆಯ ಈಸೂರು ತಾನು ಸ್ವತಂತ್ರ ಗ್ರಾಮ ಎಂದು ಸಾರಿತು. ಇಲ್ಲಿ ಉಪವಾಸ ಮುಗಿದ ಆ ಮಾರ್ಚ್ ತಿಂಗಳಲ್ಲೇ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ದಂಡಿ ಯಾತ್ರೆಯ ತಂಡದಲ್ಲಿ ಗಾಂಧೀಜಿಯ ಜೊತೆ ನಡೆದಿದ್ದ ಏಕೈಕ ಕನ್ನಡಿಗ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಇದನ್ನು ತಿಳಿದು ಹೋದವರಿಗೆ ಪುಣೆಯ ಈ ಮನೆ ದೂರದ ಊರಿನದೆಂದು ಅನ್ನಿಸುವುದಿಲ್ಲ.

ಇನ್ನು ಹಿತ್ತಲು. ಬಹಳ ಜನ ಇಲ್ಲಿಯವರೆಗೆ ಬರುವುದೇ ಇಲ್ಲ. ಕಟ್ಟಡ ದಾಟಿ ಮರಗಳ ಕೆಳಗಿನ ದಾರಿಯಲ್ಲಿ ನಡೆದರೆ ಎರಡು ಸಮಾಧಿಗಳು ಸಿಗುತ್ತವೆ, ಒಂದು ಮಹಾದೇವ ದೇಸಾಯಿಯವರದು, ಇನ್ನೊಂದು ಕಸ್ತೂರಬಾರದು. ಹತ್ತಿರದಲ್ಲೇ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನೂ ಇರಿಸಿದ್ದಾರೆ. ಅಮೃತಶಿಲೆಯ, ಆಡಂಬರವಿಲ್ಲದ ಕಟ್ಟೆಗಳು.

ಮಹಾದೇವ ದೇಸಾಯಿ ಹುಟ್ಟಿದ್ದು 1892ರ ಜನವರಿ 1ರಂದು, ಈ ಅರಮನೆಯ ವರ್ಷವೇ. ಇಲ್ಲಿಗೆ ಬಂದ ಆರು ದಿನಕ್ಕೆ, 1942ರ ಆಗಸ್ಟ್ 15ರ ಬೆಳಿಗ್ಗೆ, ಹೃದಯಾಘಾತದಿಂದ ತೀರಿಕೊಂಡರು. ಕಾಲು ಶತಮಾನ ಗಾಂಧೀಜಿಯ ಪತ್ರ, ಮಾತು, ಪ್ರಯಾಣ ಎಲ್ಲವನ್ನೂ ಬರೆದಿಟ್ಟವರು ಅವರು. ಗಾಂಧೀಜಿ ತಾವೇ ಅವರ ದೇಹಕ್ಕೆ ಸ್ನಾನ ಮಾಡಿಸಿದರು. ಅಂತ್ಯಸಂಸ್ಕಾರ ಆವರಣದ ಒಳಗೇ ಆಯಿತು. ಆಮೇಲೆ ಸೆರೆವಾಸದುದ್ದಕ್ಕೂ ಗಾಂಧೀಜಿ ದಿನವೂ ಈ ಜಾಗಕ್ಕೆ ನಡೆದು ಬಂದು ಹೂವಿಡುತ್ತಿದ್ದರು. ನೀವು ನಡೆದು ಬರುವುದೂ ಅದೇ ಹಿತ್ತಲಿನಲ್ಲಿ.

ಕಸ್ತೂರಬಾ ಇಲ್ಲಿ ಒಂದೂವರೆ ವರ್ಷ ಬದುಕಿದರು. ಗಂಡ ಹೆಂಡತಿಗೆ ಗುಜರಾತಿ ಪಾಠ, ಭೂಗೋಳದ ಪಾಠ ಹೇಳಿಕೊಡುತ್ತಿದ್ದ ಮನೆ ಇದು. ಪಾಠ ಬೇಸರವಾದರೆ ಕಸ್ತೂರಬಾ ಮೀರಾಬೆನ್ ಜೊತೆ ಕೇರಂ ಆಡುತ್ತಿದ್ದರು. ಹೃದಯದ ಕಾಯಿಲೆ, ನ್ಯುಮೋನಿಯಾ ಸೇರಿ ಅವರನ್ನು ಹಣ್ಣು ಮಾಡಿದವು. ಮಗ ದೇವದಾಸ್ ಆಗಿನ್ನೂ ಅಪರೂಪವಾಗಿದ್ದ ಪೆನ್ಸಿಲಿನ್ ತರಿಸಿದ್ದರು. ಕೊನೆಗಾಲದಲ್ಲಿ ಸೂಜಿ ಚುಚ್ಚಿ ನೋಯಿಸುವುದು ಬೇಡ ಎಂದು ಗಾಂಧೀಜಿ ಒಪ್ಪಲಿಲ್ಲ. 1944ರ ಫೆಬ್ರುವರಿ 22, ಮಹಾಶಿವರಾತ್ರಿಯ ಸಂಜೆ ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿ, ಮಹಾದೇವರ ಪಕ್ಕದಲ್ಲೇ ಚಿತೆ ಏರಿಸಿದರು. ಚಿತೆ ಪೂರ್ತಿ ಉರಿದು ಮುಗಿಯುವವರೆಗೆ ಗಾಂಧೀಜಿ ಅಲ್ಲಿಂದ ಏಳಲಿಲ್ಲ. ಬೂದಿಯಲ್ಲಿ ಕಸ್ತೂರಬಾ ತೊಟ್ಟಿದ್ದ ಗಾಜಿನ ಬಳೆಗಳು ಒಡೆಯದೆ ಸಿಕ್ಕವು. ಅರವತ್ತು ವರ್ಷಕ್ಕೂ ಮಿಕ್ಕಿದ ದಾಂಪತ್ಯ ಕೊನೆಯಾದ ಜಾಗ ಇದು. ಅರಮನೆಯ ಮುಂಭಾಗದಲ್ಲಿ ಹತ್ತು ನಿಮಿಷ ಕಳೆದರೆ ಸಾಕು, ಈ ಕಟ್ಟೆಯ ಮುಂದೆ ಮಾತ್ರ ಇದ್ದಷ್ಟು ಹೊತ್ತು ಇರಿ. ಚಪ್ಪಲಿ ದೂರ ಬಿಡಿ. ಸೆಲ್ಫಿ ತೆಗೆಯುವವರು ಮುಂಗಟ್ಟಿನ ಕಮಾನಿನ ಹತ್ತಿರ ತೆಗೆದುಕೊಳ್ಳಲಿ.

1969ರಲ್ಲಿ ನಾಲ್ಕನೆಯ ಆಗಾಖಾನ್ ಈ ಆಸ್ತಿಯನ್ನು ಗಾಂಧೀಜಿಯ ಗೌರವಾರ್ಥ ಭಾರತದ ಜನರಿಗೆ ದಾನ ಕೊಟ್ಟರು. 2003ರಲ್ಲಿ ಪುರಾತತ್ವ ಇಲಾಖೆ ಇದನ್ನು ರಾಷ್ಟ್ರೀಯ ಮಹತ್ವದ ಸ್ಮಾರಕ ಎಂದು ಘೋಷಿಸಿತು. ಆ ರಕ್ಷಣೆಯ ಫಲವನ್ನು ನೀವು ದಾರಿಯಲ್ಲೇ ಕಾಣುತ್ತೀರಿ. ಮೊದಲು ಅರಮನೆಯ ಮುಂದಿನ ನಗರ ರಸ್ತೆಯಲ್ಲೇ ಹೋಗಬೇಕಿದ್ದ ಮೆಟ್ರೋ, ಸ್ಮಾರಕದ ನಿಯಮಗಳಿಂದಾಗಿ ಕಲ್ಯಾಣಿನಗರದ ಕಡೆಗೆ ತಿರುಗಿಕೊಂಡಿದೆ. ಅದಕ್ಕೇ ಮೆಟ್ರೋ ಇಳಿದ ಮೇಲೆ ಒಂದಿಷ್ಟು ದೂರ ಆಟೋ ಹಿಡಿಯಬೇಕು. ಪುಣೆ ರೈಲು ನಿಲ್ದಾಣದಲ್ಲೇ ಮೆಟ್ರೋ ಹತ್ತಿ, ರಾಮವಾಡಿ ಕಡೆ ಹೋಗುವ ಗಾಡಿಯಲ್ಲಿ ಯೆರವಾಡಾ ಅಥವಾ ಕಲ್ಯಾಣಿನಗರದಲ್ಲಿ ಇಳಿಯಿರಿ. ಲೋಹಗಾಂವ್ ವಿಮಾನ ನಿಲ್ದಾಣಕ್ಕೂ ಈ ಜಾಗ ಹತ್ತಿರ, ಹಾಗಾಗಿ ವಿಮಾನದಲ್ಲಿ ಬರುವವರು ಊರೊಳಗೆ ಹೋಗುವ ಮೊದಲೇ ನೋಡಿಬಿಡಬಹುದು.

ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಮೊಬೈಲಿನಲ್ಲಿ ಆನ್‌ಲೈನ್ ಕೊಂಡರೆ ಐದು ರೂಪಾಯಿ ಕಡಿಮೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹೊರಡುವ ದಿನ ದರ, ಸಮಯ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಒಳಗೆ ಖಾದಿ ಅಂಗಡಿ ಇದೆ, ಕೊಳ್ಳುವ ಮನಸ್ಸಿದ್ದರೆ ಅರ್ಧ ತಾಸು ಸೇರಿಸಿಕೊಳ್ಳಿ. ತಿಂಡಿ ಮುಗಿಸಿಕೊಂಡೇ ಹೋಗಿ, ನೀರಿನ ಬಾಟಲಿ ಕೈಯಲ್ಲಿರಲಿ.

ಕಾಲದ ವಿಚಾರ ಹೇಳುವುದಾದರೆ ನವೆಂಬರಿನಿಂದ ಫೆಬ್ರುವರಿ ಹಿತಕರ. ಮಳೆಗಾಲದಲ್ಲಿ ತೋಟ ಹಸಿರಾಗಿ ತುಂಬಿಕೊಳ್ಳುತ್ತದೆ, ಆದರೆ ಹಿತ್ತಲಿನ ದಾರಿಯಲ್ಲಿ ಹಿರಿಯರ ಕೈ ಹಿಡಿದುಕೊಳ್ಳಿ. ಅಕ್ಟೋಬರ್ 2, ಜನವರಿ 30, ಮಹಾಶಿವರಾತ್ರಿಯಂದು ಸಮಾಧಿಯ ಬಳಿ ಪ್ರಾರ್ಥನೆ ಇರುತ್ತದೆ. ಜನಜಂಗುಳಿ ಬೇಡದವರು ಶನಿವಾರ, ಭಾನುವಾರ ಬಿಟ್ಟು ಹೋಗಲಿ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೋಲಾಪುರದ ಮೇಲೆ ಪುಣೆಗೆ ಬರುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ 2024ರ ಸೆಪ್ಟೆಂಬರಿನಲ್ಲಿ ಶುರುವಾದ ವಂದೇ ಭಾರತ್ ಅನುಕೂಲ. ವಾರದ ಎಲ್ಲ ದಿನ ಓಡುವುದಿಲ್ಲ, ದಿನ ನೋಡಿ ಬುಕ್ ಮಾಡಿ. ಬೆಳಗಾವಿಯಿಂದ ಹೆದ್ದಾರಿಯಲ್ಲಿ ಸುಮಾರು 340 ಕಿಲೋಮೀಟರ್.

ಅರಮನೆಯಿಂದ ಹೊರಬಂದ ಮೇಲೆ ಮಧ್ಯಾಹ್ನಕ್ಕೆ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಗೆ ಹೋಗಿ. ನಮ್ಮ ಕರಾವಳಿಯಿಂದ ಹೋದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು, ಪುಣೇಕರರಿಗೆ ದೋಸೆ ಎಂದರೆ ಈ ಹೆಸರೇ ಬಾಯಿಗೆ ಬರುತ್ತದೆ. ಸರದಿ ಕಾಯಬೇಕಾದೀತು. ಗಾಂಧೀಜಿಯ ಜಾಡು ಇನ್ನೂ ಹಿಡಿಯುವ ಆಸೆಯಿದ್ದರೆ ಯೆರವಾಡಾ ಜೈಲಿದೆ. ಗಾಂಧೀಜಿ ಸೆರೆಯಲ್ಲಿದ್ದಾಗ, 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಅಂಬೇಡ್ಕರ್ ಸಹಿ ಹಾಕಿದ್ದು ಅಲ್ಲಿ. ಒಳಗೆ ಹೋಗಲು ಮೊದಲೇ ಅನುಮತಿ ಪಡೆಯಬೇಕು. ರೈಲು ನಿಲ್ದಾಣದ ಹತ್ತಿರದ ಸಸೂನ್ ಆಸ್ಪತ್ರೆಯಲ್ಲಿ 1924ರ ಜನವರಿಯಲ್ಲಿ ಗಾಂಧೀಜಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ನಡೆಯಿತು. ನಡುವೆ ಕರೆಂಟು ಹೋಗಿ, ಕೊನೆಯ ಹೊಲಿಗೆಗಳನ್ನು ಲಾಟೀನಿನ ಬೆಳಕಲ್ಲಿ ಹಾಕಿದರು. ಶನಿವಾರವಾಡೆಯನ್ನು ಸಂಜೆಗಿಟ್ಟುಕೊಳ್ಳಿ. 1828ರ ಬೆಂಕಿಯಲ್ಲಿ ಒಳಗಿನ ಮಹಲುಗಳು ಸುಟ್ಟುಹೋಗಿ, ಉಳಿದಿರುವುದು ಕೋಟೆಗೋಡೆ, ದಿಲ್ಲಿ ದರವಾಜಾ, ಅಡಿಪಾಯಗಳು.

ಕಾರಿನಲ್ಲಿ ಬಂದ ಬೆಂಗಳೂರಿನವರು ವಾಪಸು ಹೋಗುವಾಗ ಹೇಗೂ ಹಾವೇರಿಯನ್ನು ಹಾದೇ ಹೋಗಬೇಕು. ಅಲ್ಲಿ ಮೈಲಾರ ಮಹದೇವಪ್ಪನವರ ಸ್ಮಾರಕ ವೀರಸೌಧವಿದೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಅದನ್ನೂ ನೋಡಿಕೊಂಡೇ ಊರು ಸೇರಿ.