ಹಾಲಿನ ಪ್ಯಾಕೆಟ್‌ಗೆ ಕೂಲಿಂಗ್ ಚಾರ್ಜ್ ಸೇರಿಸಬಹುದೇ?

ನಂದಿನಿ ಬೂತ್‌ನ ಕರೆಂಟ್ ಬಿಲ್ ತಡೆಯಲಾಗದೆ, ಅರ್ಧ ಲೀಟರ್ ಹಾಲಿಗೆ 1 ರೂಪಾಯಿ ಹೆಚ್ಚು ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ಬೇಡಮ್ಮ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ, ಅಚ್ಚಾದ ಎಂಆರ್‌ಪಿ ಮೀರಿ ಪಡೆಯುವುದು ತಪ್ಪು, ದಂಡ ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ್ದು ಕೂಡ ಹೈನುಗಾರರಿಗೆಂದು, ನಿಮ್ಮ ಖರ್ಚು ನೋಡಿ ಅಲ್ಲ. ಹಾಲಿನಲ್ಲಿ ನಿಮಗೆ ಉಳಿಯುವುದು ಕಮಿಷನ್ ಮಾತ್ರ.

ನೀವು ಕಳಿಸಿದ ಲೆಕ್ಕ ನೋಡಿದೆ. ಇಡೀ ಕರೆಂಟ್ ಬಿಲ್ಲನ್ನು ಹಾಲಿನ ತಲೆಗೇ ಕಟ್ಟಿದ್ದೀರಿ. ಅದೇ ಫ್ರಿಜ್‌ನಲ್ಲಿ ಮೊಸರು, ಪನೀರ್, ತಂಪು ಪಾನೀಯವೂ ಇವೆಯಲ್ಲ? ಹಾಲು ಬೆಳಗ್ಗೆ ಬಂದು ಮಧ್ಯಾಹ್ನದೊಳಗೆ ಖಾಲಿ. ಪಾನೀಯದ ಬಾಟಲಿಗಳು ದಿನಗಟ್ಟಲೆ ಕೂರುತ್ತವೆ. ಯಾವುದು ಎಷ್ಟು ಜಾಗ, ಎಷ್ಟು ಹೊತ್ತು ಹಿಡಿಯುತ್ತದೋ ಅದರಂತೆ ಬಿಲ್ ಹಂಚಿ. ಬಾಡಿಗೆಯನ್ನೂ ಹಾಗೆಯೇ.

ಒಡೆದ ಪ್ಯಾಕೆಟ್‌ಗಳಿಗೆ ಬೇರೆ ಕಾಲಂ ಇರಲಿ. ಕ್ರೇಟ್ ಇಳಿಸುವಾಗಲೇ ಎಣಿಸಿ, ವಾಹನದವರ ಎದುರೇ ಬರೆಯಿರಿ. ಒಂದು ಒಡೆದ ಪ್ಯಾಕೆಟ್‌ನ ಬೆಲೆ ತುಂಬಲು ಎಷ್ಟೋ ಪ್ಯಾಕೆಟ್‌ಗಳ ಕಮಿಷನ್ ಸೇರಬೇಕು. ನಿಮ್ಮ ದುಡಿಮೆಗೂ ಕೂಲಿ ಬರೆಯಿರಿ. ನಸುಕಿನಲ್ಲೆದ್ದು ಶಟರ್ ಎತ್ತುವ ಹೆಣ್ಣುಮಕ್ಕಳು ಅದನ್ನೇ ಬಿಟ್ಟುಬಿಡುವುದು ನನಗೆ ಸಂಕಟದ ವಿಷಯ.

ಮೂರು ತಿಂಗಳು ಹೀಗೆ ಬರೆದಿಟ್ಟು, ಆಮೇಲೂ ಹಾಲಿನ ಬಾಬ್ತಿನಲ್ಲಿ ನಷ್ಟ ಕಂಡರೆ, ಅದೇ ಪುಸ್ತಕದ ಪ್ರತಿ ಲಗತ್ತಿಸಿ ಕಮಿಷನ್ ಹೆಚ್ಚಿಸುವಂತೆ ಹಾಲು ಒಕ್ಕೂಟಕ್ಕೆ ಅರ್ಜಿ ಕೊಡಿ. ಅಕ್ಕಪಕ್ಕದ ಬೂತ್‌ನವರನ್ನೂ ಸೇರಿಸಿಕೊಳ್ಳಿ.