ಕಚ್ಚಿದ್ದು ಯಾವ ನಾಯಿ ಎಂದು ಯಾರೂ ಕೇಳಲಿಲ್ಲ

2024ರ ಮಾರ್ಚ್‌ವರೆಗೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ನಾವು ಗೊಬ್ಬರದ ಅಂಗಡಿಯವರು. ಆಮೇಲೆ ‘ಆ ನಾಯಿ ಮನೆಯವರು’ ಆದೆವು. ನಾಯಿ ಅದೇ, ಗೇಟು ಅದೇ, ನಾವೂ ಅವರೇ. ನಡುವೆ ಟೀವಿಯಲ್ಲಿ ಒಂದು ಸುದ್ದಿ ಬಂದಿತ್ತು, ಅಷ್ಟೇ.

ನಮ್ಮದು ರಾಟ್‌ವೈಲರ್. ಬೆಂಗಳೂರಿನಲ್ಲಿ ಮಗ ಸಾಕಿದ್ದ, ಬಾಡಿಗೆ ಮನೆ ಬದಲಾಯಿಸುವಾಗ ತಂದು ನಮ್ಮಲ್ಲಿ ಬಿಟ್ಟ. ಅವನಿಟ್ಟ ಹೆಸರು ರಾಕಿ, ನಮ್ಮ ಅತ್ತೆಯ ಬಾಯಲ್ಲಿ ಕರಿಯ. ಓಣಿಯ ಮಕ್ಕಳು ಗೇಟಿನ ಸಂದಿಯಿಂದ ಬಿಸ್ಕತ್ತು ಹಾಕುತ್ತಿದ್ದವು, ಅವನು ಬಾಲವಾಡಿಸಿ ತಿನ್ನುತ್ತಿದ್ದ.

ಆ ವರ್ಷ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೈಲರ್, ಮ್ಯಾಸ್ಟಿಫ್ ಮೊದಲಾದ 23 ತಳಿಗಳ ಆಮದು, ಮರಿ ಮಾಡಿಸುವುದು, ಮಾರಾಟ, ಯಾವುದಕ್ಕೂ ಪರವಾನಗಿ ಕೊಡಬೇಡಿ. ಈಗಾಗಲೇ ಮನೆಗಳಲ್ಲಿರುವ ಇಂಥ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿ ಎಂದು ಅದರಲ್ಲಿತ್ತು. ಸಾಕಿದ ನಾಯಿಯನ್ನು ಕಿತ್ತುಕೊಳ್ಳಿ, ಕೊಲ್ಲಿ ಎಂದು ಎಲ್ಲೂ ಇರಲಿಲ್ಲ. ಕರಿಯನಿಗಂತೂ ಬೆಂಗಳೂರಿನಲ್ಲೇ ಆಪರೇಷನ್ ಆಗಿತ್ತು. ಆದರೆ ಓಣಿಗೆ ಮುಟ್ಟಿದ್ದು ‘ಬ್ಯಾನ್’ ಎಂಬ ಒಂದೇ ಮಾತು. ಮಾರ್ಚ್ 19ರಂದು ಕರ್ನಾಟಕ ಹೈಕೋರ್ಟು ಆ ಸುತ್ತೋಲೆಗೆ ತಡೆ ಕೊಟ್ಟಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದನ್ನು ರದ್ದೇ ಮಾಡಿದರು. ಕೋರ್ಟಿಗೆ ಹೋದವರಲ್ಲಿ ಒಬ್ಬರು ನಮ್ಮ ಹಾಗೇ ರಾಟ್‌ವೈಲರ್ ಸಾಕಿದವರು. ಸಂಬಂಧಪಟ್ಟ ಯಾರ ಮಾತನ್ನೂ ಕೇಳದೆ ಹೀಗೆ ಮಾಡುವಂತಿಲ್ಲ, ಬೇಕಿದ್ದರೆ ಎಲ್ಲರನ್ನೂ ಕೇಳಿ ಹೊಸದಾಗಿ ತನ್ನಿ ಎಂದಿತು ಕೋರ್ಟು. ಈ ಸುದ್ದಿ ಮಾತ್ರ ನಮ್ಮ ಓಣಿಗೆ ಬರಲೇ ಇಲ್ಲ.

ಹಾಲಿನವಳು ಗೇಟಿನ ಹತ್ತಿರ ಬರುವುದನ್ನು ಬಿಟ್ಟಳು. ಎದುರುಮನೆಯವರು ಮಕ್ಕಳನ್ನು ಆಚೆ ಬದಿಯಿಂದ ನಡೆಸಿಕೊಂಡು ಹೋಗತೊಡಗಿದರು. ಅಂಗಡಿಗೆ ಬಂದ ರೈತರೂ ‘ಇನ್ನೂ ಇಟ್ಕೊಂಡೀರಾ?’ ಎಂದು ಕೇಳಿದರು. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಬಂದದ್ದು ಮೇ ತಿಂಗಳಲ್ಲಿ.

ಸಂಜೆ ಹೊತ್ತು. ಯಜಮಾನರು ಹಗರಿಬೊಮ್ಮನಹಳ್ಳಿ ಕಡೆಗೆ ಉದ್ರಿ ವಸೂಲಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ. ಪಡಸಾಲೆಯ ಕಡಪ ಕಲ್ಲಿನ ಮೇಲೆ ಸೆಕೆಗೆ ಹೊಟ್ಟೆ ಚೆಲ್ಲಿ ಮಲಗಿದ್ದ ಕರಿಯ. ಗೇಟು ಬಡಿದ ಸದ್ದು ಕೇಳಿಸಿತು. ಹೋಗಿ ನೋಡುವಷ್ಟರಲ್ಲಿ ಬಡಿಯುವ ಕೈಗಳು ಹೆಚ್ಚಾಗಿದ್ದವು. ಹಿಂದಿನ ಓಣಿಯ ಹುಡುಗನಿಗೆ ನಾಯಿ ಕಚ್ಚಿದೆ. ಹುಡುಗನ ಸೋದರಮಾವನ ಕೈಯಲ್ಲಿ ಹಾರೆ.

‘ನಾಯಿನ್ನ ಹೊರಗ ಬಿಡ್ರಿ. ಇವತ್ತು ಅದು ಉಳೀಬಾರದು.’

‘ಮಧ್ಯಾಹ್ನದಿಂದ ನಮ್ಮ ನಾಯಿ ಒಳಗೇ ಐತ್ರೀ’ ಎಂದೆ. ಕೇಳುವವರಿಲ್ಲ. ಸರಕಾರವೇ ಬ್ಯಾನ್ ಮಾಡಿದ ನಾಯಿ, ಇಂಥದನ್ನು ಊರೊಳಗೆ ಇಟ್ಟುಕೊಂಡವರ ಮೇಲೆ ಕೇಸು ಹಾಕಬೇಕು, ಇವರಿಗೆ ದುಡ್ಡಿನ ಸೊಕ್ಕು, ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ಒಳಗಿಂದ ಕರಿಯ ಬೊಗಳಿದ. ಅವನ ದನಿ ದೊಡ್ಡದು, ಮನೆ ಗೋಡೆಗೆ ಬಡಿದು ಬರುತ್ತದೆ. ಗುಂಪು ಹಿಂದೆ ಸರಿಯಿತು, ಸರಿದಷ್ಟೇ ಬೇಗ ಮತ್ತೆ ಮುನ್ನುಗ್ಗಿತು. ಯಾರೋ ಬೀಸಿದ ಕಲ್ಲು ಕಿಟಕಿಯ ಗಾಜು ಒಡೆಯಿತು. ನಾನು ಗೇಟಿನ ಅಗಳಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಅಂಗೈ ಬೆವರಿ ಅಗಳಿ ಜಾರುತ್ತಿತ್ತು.

ಅಷ್ಟರಲ್ಲಿ ಭಾವನವರು ಬಂದರು. ಬೆನ್ನಿಗೆ ನಿಲ್ಲಲು ಬಂದರೆಂದು ಜೀವಕ್ಕೆ ಜೀವ ಬಂತು. ಅವರು ಎಲ್ಲರ ಎದುರು ನನಗೆ ಹೇಳಿದ್ದು: ‘ಮನೆತನದ ಮರ್ಯಾದಿ ದೊಡ್ಡದೋ ನಾಯಿ ದೊಡ್ಡದೋ? ಕೊಟ್ಟುಬಿಡವ್ವ, ಪೀಡೆ ಹೋಗ್ಲಿ.’ ಹಾರೆ ಹಿಡಿದವನಿಗೆ ಇನ್ನೇನು ಬೇಕು? ಮನೆಯ ಹಿರಿಯರೇ ಒಪ್ಪಿಗೆ ಕೊಟ್ಟ ಹಾಗಾಯಿತು. ಗೇಟಿನ ಸಂದಿಗೆ ಹಾರೆ ಹಾಕಿಯೇಬಿಟ್ಟ.

ಆಗ ಅತ್ತೆ ಹೊರಗೆ ಬಂದರು. ಅವರ ತವರು ಹಡಗಲಿ ತಾಲ್ಲೂಕು, ಮನೆದೇವರು ಮೈಲಾರಲಿಂಗ. ಆ ದೇವರ ಗೊರವರು ನಾಯಿಯ ಹಾಗೆ ಬೊಗಳುತ್ತ ದೋಣಿ ಎಂಬ ಪಾತ್ರೆಯ ಎಡೆಗೆ ಬಾಯಿ ಹಾಕುವುದು ಒಂದು ಸೇವೆ. ಸೊಂಟ ನೋವಿನಿಂದ ಎದ್ದು ನಿಲ್ಲುವುದೇ ಕಷ್ಟವಾಗಿದ್ದ ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿ ಗೇಟಿನ ಎದುರು ನಿಂತು, ‘ಗೊರವಯ್ಯ ನಾಯಿ ಆಗಿ ದೋಣಿಗೆ ಬಾಯಿ ಹಾಕಿದ್ರ ಕಾಲಿಗೆ ಬೀಳ್ತೀರಿ. ಮೈಲಾರಪ್ಪನ ನಾಯಿ ನನ್ನ ಹೊಸ್ತಿಲ ಒಳಗ ಐತಿ. ಯಾರು ಮುಟ್ತೀರಿ, ಮುಂದ ಬರ್ರಿ’ ಎಂದರು. ಹಾರೆ ನಿಂತಿತು. ನಮ್ಮ ಸೀಮೆಯಲ್ಲಿ ಆ ದೇವರ ಒಕ್ಕಲು ಎಷ್ಟೋ ಮನೆ. ಗುಂಪಿನಲ್ಲಿದ್ದವರಲ್ಲೂ ಇದ್ದರು.

ಆ ನಿಶ್ಶಬ್ದದಲ್ಲಿ ನಾನು ಕೇಳಿದೆ: ‘ಹುಡುಗ ಎಲ್ಲಿ?’

ಹುಡುಗ ಗುಂಪಿನ ಹಿಂದೆ ತಾಯಿಯ ಸೊಂಟದ ಮೇಲಿದ್ದ. ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತಿದ್ದರು. ಹೊರಗೆ ಹೋಗಿ, ಗೇಟಿನ ಅಗಳಿ ಹಾಕಿ, ಅವನನ್ನು ನಮ್ಮ ಮನೆ ಮುಂದಿನ ನಲ್ಲಿಯ ಕೆಳಗೆ ಕೂರಿಸಿದೆ. ಬಟ್ಟೆ ಸೋಪು ತರಿಸಿ ತೊಳೆಯತೊಡಗಿದೆ. ಮೊದಲು ಖಾರದ ಕೆಂಪು ನೀರು ಹರಿಯಿತು, ಆಮೇಲೆ ಸುಣ್ಣದ ಬಿಳಿ. ಆಮೇಲೆ ಮೀನಖಂಡದ ಮೇಲೆ ಎರಡು ಹಲ್ಲಿನ ತೂತು, ಪಕ್ಕದಲ್ಲಿ ಒಂದು ಉದ್ದ ಗೀರು ಕಾಣಿಸಿತು. ಉರಿಗೆ ಅಳುತ್ತಿದ್ದ ಹುಡುಗನನ್ನು ‘ಯಾವ ನಾಯಿ ಕಂದಾ?’ ಎಂದು ಕೇಳಿದೆ. ‘ಚಿಕನ್ ಅಂಗಡಿ ಕುಂಟ ನಾಯಿ. ಬಿಳಿದು’ ಎಂದ. ಎಲ್ಲರಿಗೂ ಕೇಳಿಸಿತು. ಅಷ್ಟು ಹೊತ್ತು ಅವನನ್ನು ಆ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ.

ಸೋದರಮಾವ ಹಾರೆ ಹೆಗಲ ಮೇಲೆ ಹಾಕಿಕೊಂಡು ಹೋದ. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಹುಡುಗನನ್ನೂ ಅವನ ತಾಯಿಯನ್ನೂ ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ನಾನು. ಚೀಟಿಯಲ್ಲಿ ‘ಬೀದಿನಾಯಿ’ ಎಂದು ಬರೆಸಿದ್ದೂ ನಾನು.

ಆ ವಾರದಲ್ಲೇ ಒಬ್ಬ ಅಧಿಕಾರಿ ಬಂದರು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಮೊಬೈಲಿನಲ್ಲಿ ಮಾರ್ಚ್ 12ರ ಸುತ್ತೋಲೆ ತೋರಿಸಿ ‘ನಾಯಿನ ಒಪ್ಪಿಸ್ಬೇಕಮ್ಮ’ ಎಂದರು. ಮಗ ಕಳಿಸಿದ್ದ ಕೋರ್ಟ್ ಆದೇಶದ ಪ್ರಿಂಟು ಕೊಟ್ಟೆ. ಓದಲೇ ಇಲ್ಲ. ‘ಅದು ಬೆಂಗಳೂರಿಗೆ’ ಎಂದರು. ಹೈಕೋರ್ಟಿನ ಆದೇಶ ಕೊಟ್ಟೂರಿಗೆ ಅನ್ವಯಿಸುವುದಿಲ್ಲ ಎಂದು ಸಂಬಳ ತಿನ್ನುವ ಅಧಿಕಾರಿ ಹೇಳುತ್ತಾರೆ! ‘ಹಾಗಂತ ಬರೆದು, ಸಹಿ ಮಾಡಿ, ಸೀಲು ಹಾಕಿ ಕೊಡ್ರಿ. ಈಗಲೇ ನಾಯಿ ಕೊಡ್ತೀನಿ’ ಎಂದೆ. ಮೇಲಿನವರನ್ನು ಕೇಳಿ ಬರುತ್ತೇನೆ ಎಂದು ಹೋದವರು ತಿರುಗಿ ಬರಲಿಲ್ಲ.

ಇಂಥ ತಳಿ ಸಾಕಿದವರಿಗೆ ನಾನು ಹೇಳುವುದು ಸ್ವಲ್ಪವೇ. ವರ್ಷ ವರ್ಷ ಹಾಕಿಸುವ ರೇಬೀಸ್ ಲಸಿಕೆಯ ಪುಸ್ತಕ, ಆಪರೇಷನ್ ಚೀಟಿ, ಏಪ್ರಿಲ್ 10ರ ಆದೇಶದ ಪ್ರಿಂಟು ಒಂದೇ ಕವರಿನಲ್ಲಿ ಬಾಗಿಲ ಹತ್ತಿರ ಇರಲಿ. ಬಾಯಿಮಾತಿನ ಆಜ್ಞೆಗೆ ನಾಯಿ ಕೊಡಬೇಡಿ, ಬರವಣಿಗೆ ಕೇಳಿ. ಜರ್ಮನಿಯ ರಾಟ್‌ವೈಲ್ ಊರಿನ ಕಟುಕರು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಸಲು ಸಾಕಿದ ತಳಿ ಇದು ಎಂದು ನಾನು ಓಣಿಯಲ್ಲಿ ಎಷ್ಟೋ ಸಲ ಹೇಳಿದೆ, ಯಾರ ಭಯವೂ ಕಡಿಮೆಯಾಗಲಿಲ್ಲ. ತಳಿಯ ವಾದ ಬಿಟ್ಟು, ಈ ನಾಯಿ ಏನು ಮಾಡಿದೆ ತೋರಿಸಿ ಎಂದು ಕೇಳಿ.

ಜನರ ಭಯವನ್ನು ನಾನು ಸುಳ್ಳೆನ್ನುವುದಿಲ್ಲ. ಇಷ್ಟು ದೊಡ್ಡ ದವಡೆಯ ನಾಯಿಯನ್ನು ಬೇಕಾಬಿಟ್ಟಿ ಬಿಟ್ಟರೆ ಮಗುವಿನ ಪ್ರಾಣವೇ ಹೋದೀತು. ಚೈನು, ಮೂತಿಗೆ ಕುಕ್ಕೆ ಇಲ್ಲದೆ ಕರಿಯ ಗೇಟು ದಾಟುವುದಿಲ್ಲ. ನಾಯಿಯನ್ನು ಅಜಾಗರೂಕತೆಯಿಂದ ಇಟ್ಟುಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಲ್ಲಿ ಶಿಕ್ಷೆ ಇದೆ. ನಾಯಿಯನ್ನು ಹೊಡೆದು ಕೊಂದವರಿಗೆ 325ನೇ ಕಲಂ, ಐದು ವರ್ಷದವರೆಗೆ ಜೈಲು. ಗಲಾಟೆಗೆ ಬಂದವರಿಗೆ ಇವೆರಡನ್ನೂ ಹೇಳಿ.

ನಾಯಿ ಕಚ್ಚಿದಾಗ ಮೊದಲು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಯಿರಿ. ಸುಣ್ಣ, ಖಾರ ಏನೂ ಬೇಡ. ಅವತ್ತೇ ಚುಚ್ಚುಮದ್ದು ಶುರುವಾಗಬೇಕು. ಆಮೇಲೆ ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಟ್ಟ ಒಂದು ದಿನವನ್ನೂ ತಪ್ಪಿಸುವಂತಿಲ್ಲ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಿ. ಅದು ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ಗೊತ್ತಾಗುತ್ತದೆ. ಅವತ್ತು ಕರಿಯನನ್ನು ಕೊಂದಿದ್ದರೆ ಕುಂಟ ನಾಯಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಹುಡುಗ ಖಾರದ ಪುಡಿಯಲ್ಲೇ ಉಳಿಯುತ್ತಿದ್ದ.

ಹುಡುಗನ ಚುಚ್ಚುಮದ್ದು ಎಲ್ಲವೂ ಮುಗಿದು ಅವನು ಚೆನ್ನಾಗಿದ್ದಾನೆ. ಹಾಲಿನವಳು ಮತ್ತೆ ಗೇಟಿನವರೆಗೆ ಬರುತ್ತಾಳೆ. ಭಾವನವರೇ, ನೀವು ಇದನ್ನು ಓದುತ್ತೀರಿ ಎಂದು ನನಗೆ ಗೊತ್ತು. ಆ ಮಾತನ್ನು ನಮ್ಮ ಗೇಟಿನ ಎದುರು, ಓಣಿಯವರ ಮುಂದೆ ಆಡಿದಿರಿ. ಹಿಂದಕ್ಕೆ ತೆಗೆದುಕೊಳ್ಳುವುದೂ ಅಲ್ಲೇ, ಅವರ ಮುಂದೆಯೇ ಆಗಬೇಕು.