ಹನ್ನೆರಡು ವರ್ಷಗಳ ಹೂವು

ಮಾವಿನ ಮರ ಒಂದು ವರ್ಷ ಫಲ ಕೊಡದಿದ್ದರೆ ಮರುವರ್ಷ ಕೊಡುತ್ತದೆ. ದಾಸವಾಳದ ಒಂದು ಹೂವನ್ನು ಕಿತ್ತರೆ ನಾಳೆ ಇನ್ನೊಂದು ಅರಳುತ್ತದೆ. ಆದರೆ ಹನ್ನೆರಡು ವರ್ಷ ಬೆಳೆದು, ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಕಟ್ಟಿದ ಮೇಲೆ ಮಡಿಯುವ ಗಿಡವೊಂದು ನಮ್ಮ ಬೆಟ್ಟಗಳಲ್ಲಿದೆ. ಅದೇ ನೀಲಕುರಿಂಜಿ. ಈ ಬಗೆಯ ಗಿಡಗಳನ್ನು ಮಲೆನಾಡಿನಲ್ಲಿ ಗುರಿಗೆ ಎಂದೂ ಕರೆಯುವುದುಂಟು.

ನಮ್ಮ ಹಿತ್ತಲಿನ ಕನಕಾಂಬರ, ಬೇಲಿಯ ಆಡುಸೋಗೆ ಇವುಗಳ ಕುಟುಂಬಕ್ಕೆ ಸೇರಿದ ಈ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಸ್ಟ್ರೋಬಿಲಾಂತಸ್ ಕುಂತಿಯಾನಾ ಎಂದು ಹೆಸರು. ಸುಮಾರು 1300ರಿಂದ 2400 ಮೀಟರ್ ಎತ್ತರದ ಹುಲ್ಲುಗಾವಲುಗಳೇ ಇದರ ನೆಲೆ. ದಕ್ಷಿಣ ಭಾರತದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದು ಸಹಜವಾಗಿ ಬೆಳೆಯುವುದಿಲ್ಲ. ನೀಲಗಿರಿಗೆ ಆ ಹೆಸರು ಬಂದುದು ಈ ಹೂವಿನ ಬಣ್ಣದಿಂದಲೇ ಎಂಬ ನಂಬಿಕೆಯಿದೆ. ಪ್ರಾಚೀನ ತಮಿಳು ಕವಿಗಳಂತೂ ಬೆಟ್ಟದ ನಾಡನ್ನೇ ‘ಕುರಿಂಜಿ’ ಎಂದು ಕರೆದರು.

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಕುರಿಂಜಿ ಅರಳಿತು. ಜನರು ತಂಡೋಪತಂಡವಾಗಿ ಬೆಟ್ಟ ಹತ್ತಿದರು. ಅವರಲ್ಲಿ ನಾನೂ ಒಬ್ಬ. ಮಂಜು ಸರಿದೊಡನೆ ಇಳಿಜಾರಿನ ಉದ್ದಕ್ಕೂ ನೇರಳೆಗೂಡಿದ ನೀಲಿಯ ಬಣ್ಣ ಕಾಣಿಸಿತು. ಮನೆಯವರಿಗೆ ತೋರಿಸುವ ಆಸೆಯಿಂದ ಹೂ ತುಂಬಿದ ಒಂದು ಗಿಡವನ್ನು ಬುಡದಲ್ಲಿಯೇ ಮುರಿದುಕೊಂಡೆ. ಹೊಳಲೂರಿನ ಮನೆ ಸೇರುವ ವೇಳೆಗೆ ಅದು ಬಾಡಿ ಬಣ್ಣಗೆಟ್ಟಿತ್ತು.

“ಅಜ್ಜಾ, ಆ ಗಿಡ ಮತ್ತೆ ಹೂ ಬಿಡುವುದು ಯಾವಾಗ?” ಎಂದು ಮೊಮ್ಮಗಳು ಕೇಳಿದಳು.

“ಇನ್ನು ಬಿಡುವುದಿಲ್ಲ ಮಗು. ಅದು ಅರಳುವುದು ಒಂದೇ ಸಲ.”

“ಹಾಗಾದರೆ ಅದರ ಬೀಜ?”

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಾನು ಆ ಪ್ರಶ್ನೆಗೆ ಉತ್ತರ ಕೊಡಲಾಗದೆ ತಲೆ ತಗ್ಗಿಸಿದೆ.

ಕುರಿಂಜಿಯ ಬಾಳೆಲ್ಲ ನಿಂತಿರುವುದು ಆ ಬೀಜದ ಮೇಲೆಯೇ. ಒಂದು ಪ್ರದೇಶದ ಗಿಡಗಳೆಲ್ಲವೂ ಒಂದೇ ಋತುವಿನಲ್ಲಿ ಅರಳುತ್ತವೆ. ಜೇನುನೊಣಗಳು ಮುತ್ತುತ್ತವೆ, ಪರಾಗಸ್ಪರ್ಶವಾಗಿ ಬೀಜ ಕಟ್ಟುತ್ತದೆ. ಇಲಿ, ಹಕ್ಕಿ, ಕೀಟಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಮ್ಮೆಗೇ ಬೀಳುವುದರಿಂದ ಕೆಲವಾದರೂ ಉಳಿದು ಮೊಳೆಯುತ್ತವೆ. ಗಿಡಗಳು ಒಟ್ಟಾಗಿ ಅರಳುವುದರ ಪ್ರಯೋಜನ ಇದೇ ಇರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಬೀಜ ಬಲಿಯುವ ಮೊದಲೇ ಹೂವನ್ನು ಕಿತ್ತರೆ ಹನ್ನೆರಡು ವರ್ಷಗಳ ದುಡಿಮೆ ವ್ಯರ್ಥವಾಗುತ್ತದೆ.

ಒಂದು ಹೂವು ಹೋದರೆ ಬಯಲುಸೀಮೆಯಂಚಿನ ನಮಗೇನು ನಷ್ಟ ಎಂದು ಯಾರಾದರೂ ಕೇಳಬಹುದು. ಕುರಿಂಜಿ ಬೆಳೆಯುವ ಹುಲ್ಲುಗಾವಲು, ಅದರ ಮಗ್ಗುಲಿನ ಶೋಲಾ ಕಾಡು ಇವೆರಡೂ ಮಳೆನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಹಳ್ಳಗಳಿಗೆ ಬಿಟ್ಟುಕೊಡುತ್ತವೆ. ಚಂದ್ರದ್ರೋಣದ ಸೋಮವಾಹಿನಿ ಭದ್ರೆಯನ್ನು ಸೇರುತ್ತದೆ. ಭದ್ರೆ ನಮ್ಮ ಸಮೀಪದ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತದೆ. ಆ ಬೆಟ್ಟದ ಹಸುರು ಅಳಿದರೆ ಈ ಹೊಳೆಯೂ ಸೊರಗುತ್ತದೆ.

ಚಹಾ ತೋಟಗಳು, ನೆಡುತೋಪುಗಳು, ಕಟ್ಟಡಗಳು ಕುರಿಂಜಿಯ ನೆಲೆಯನ್ನು ಹಲವೆಡೆ ಕಿರಿದುಗೊಳಿಸಿವೆ. ಇದನ್ನು ಕಾಪಾಡಲೆಂದೇ ಕೇರಳ ಸರ್ಕಾರವು 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಕುರಿಂಜಿಮಲ ಅಭಯಾರಣ್ಯವನ್ನು ಘೋಷಿಸಿತು. ಆದರೆ ಕಾನೂನೊಂದೇ ಸಾಲದು. ನೋಡಲು ಹೋದವರ ಕೈಯಲ್ಲಿ ಸಂಯಮವಿರಬೇಕು.

2022ರಲ್ಲಿ ಬಿದ್ದ ಬೀಜಗಳು ಮೊಳೆತು ಬೆಳೆದ ಗಿಡಗಳು, ಅವಧಿ ತಪ್ಪದಿದ್ದರೆ, 2034ರಲ್ಲಿ ಅರಳಬೇಕು. ಆಗ ನೀವು ಪ್ರಾಯಕ್ಕೆ ಬಂದಿರುತ್ತೀರಿ; ನಾನು ಆ ಬೆಟ್ಟ ಹತ್ತಲಾರೆನೇನೋ. ಅಲ್ಲಿಗೆ ಹೋದಾಗ ಕಣ್ತುಂಬ ನೋಡಿರಿ, ಬರಿಗೈಯಲ್ಲಿ ಹಿಂದಿರುಗಿರಿ. ನಾನು ಮುರಿದ ಗಿಡದ ಪಾಲಿನ ಬೀಜವನ್ನು ನಿಮ್ಮ ಆ ಬರಿಗೈಗಳೇ ಉಳಿಸಿಕೊಡಲಿ.